ಗ್ಲುಟೆನ್ ಆಗದವರ ಬೆಂಗಳೂರು: ಇಂಗಿನ ಡಬ್ಬಿಯಿಂದ ಮದುವೆ ಊಟದವರೆಗೆ

ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಆಗದೆ ಚಪಾತಿ ಬಿಟ್ಟು ನಾಲ್ಕು ತಿಂಗಳಾಗಿತ್ತು. ಬ್ರೆಡ್, ಬಿಸ್ಕತ್ತು, ಉಪ್ಪಿಟ್ಟು, ಶಾವಿಗೆ ಯಾವುದನ್ನೂ ಮುಟ್ಟುತ್ತಿರಲಿಲ್ಲ. ಆದರೂ ವಾರಕ್ಕೆ ಎರಡು ಮೂರು ದಿನ ಹೊಟ್ಟೆ ಉಬ್ಬಿ, ಮಧ್ಯಾಹ್ನದ ಹೊತ್ತಿಗೆ ಸೀರೆ ನೆರಿಗೆ ಸಡಿಲ ಮಾಡಿಕೊಳ್ಳಬೇಕಾಗುತ್ತಿತ್ತು. ಒಂದು ದಿನ ಸಾರಿಗೆ ಒಗ್ಗರಣೆ ಹಾಕುವಾಗ ಕೈಯಲ್ಲಿದ್ದ ಇಂಗಿನ ಡಬ್ಬಿಯನ್ನು ಸುಮ್ನೆ ತಿರುಗಿಸಿ ಓದಿದೆ. ಸಣ್ಣ ಅಕ್ಷರದಲ್ಲಿ ಗೋಂದು, ಗೋಧಿ ಹಿಟ್ಟು, ಆಮೇಲೆ ಇಂಗು ಅಂತ ಇತ್ತು. ಅಂದರೆ ಸಾರು, ಹುಳಿ, ಮಜ್ಜಿಗೆ ಮೂರರಲ್ಲೂ ದಿನಾ ಗೋಧಿ ಹೊಟ್ಟೆಗೆ ಹೋಗುತ್ತಿತ್ತು.

ನಮ್ಮ ಕಡೆಯ ಅಡುಗೆಯಲ್ಲಿ ಮುಕ್ಕಾಲು ಪಾಲು ಅಕ್ಕಿ, ರಾಗಿ, ಬೇಳೆ, ತೆಂಗಿನಕಾಯಿ. ಗ್ಲುಟೆನ್ ಆಗದವರಿಗೆ ಇದಕ್ಕಿಂತ ಅನುಕೂಲದ ಊಟ ಸಿಗುವುದು ಕಷ್ಟ. ದುಬಾರಿ ಪ್ಯಾಕೆಟ್ ಹುಡುಕಿಕೊಂಡು ಮಾಲ್‌ಗೆ ಓಡಬೇಕಾಗಿಲ್ಲ. ಕಣ್ಣಿಗೆ ಕಾಣುವ ಚಪಾತಿಯನ್ನು ಬಿಡುವುದು ಸುಲಭ. ಇಂಗು, ಗಿರಣಿ, ಕಾವಲಿ, ಜರಡಿಯಲ್ಲಿ ಕಾಣದಂತೆ ಕೂತಿರುವ ಗೋಧಿಯನ್ನು ಹುಡುಕಿ ತೆಗೆಯುವುದೇ ನಿಜವಾದ ಕೆಲಸ. ಅದನ್ನು ನಾನು ಕಲಿತ ಹಾಗೆ, ಒಂದೊಂದೇ ಹೆಜ್ಜೆ ಬರೆಯುತ್ತೇನೆ.

ಗೋಧಿ ಬಿಡುವ ಮುಂಚೆ ರಕ್ತ ಪರೀಕ್ಷೆ ಮಾಡಿಸಿ

ಯಾರೋ ಹೇಳಿದರು ಅಂತ ನಾಳೆಯಿಂದಲೇ ಗೋಧಿ ನಿಲ್ಲಿಸಬೇಡಿ. ಗೋಧಿ ತಿಂದರೆ ತೊಂದರೆ ಆಗುವುದಕ್ಕೆ ಮೂರು ಬೇರೆ ಬೇರೆ ಕಾರಣ ಇರಬಹುದು. ಮೊದಲನೆಯದು ಸೀಲಿಯಾಕ್ ಕಾಯಿಲೆ. ಇದರಲ್ಲಿ ಗ್ಲುಟೆನ್ ಒಳಗೆ ಹೋದಾಗ ನಮ್ಮ ದೇಹದ ರೋಗನಿರೋಧಕ ವ್ಯವಸ್ಥೆಯೇ ಸಣ್ಣ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಕರುಳಿನ ಒಳಗೋಡೆಯಲ್ಲಿ ಮಖಮಲ್ಲಿನ ಎಳೆಗಳ ಹಾಗೆ ಇರುವ ವಿಲ್ಲೈ ಸವೆದು ಚಪ್ಪಟೆಯಾಗುತ್ತವೆ, ತಿಂದಿದ್ದು ಮೈಗೆ ಹತ್ತುವುದಿಲ್ಲ. ಎರಡನೆಯದು ಗೋಧಿ ಅಲರ್ಜಿ: ತಿಂದ ಸ್ವಲ್ಪ ಹೊತ್ತಿಗೇ ತುರಿಕೆ, ಬಾವು, ಉಸಿರು ಕಟ್ಟುವುದು ಆಗಬಹುದು. ಮೂರನೆಯದು ಸಂವೇದನೆ, ಅಂದರೆ ಮೊದಲ ಎರಡೂ ಇಲ್ಲ ಅಂತ ಪರೀಕ್ಷೆಯಲ್ಲಿ ಗೊತ್ತಾದ ಮೇಲೂ ಗೋಧಿ ತಿಂದರೆ ಹೊಟ್ಟೆ ಕೆಡುವುದು. ಇದಕ್ಕೆ ಅಂತ ಬೇರೆ ಪರೀಕ್ಷೆ ಇಲ್ಲ.

ಸೀಲಿಯಾಕ್‌ಗೆ ಮೊದಲು ಮಾಡಿಸುವುದು ಟಿಟಿಜಿ ಐಜಿಎ ಎಂಬ ರಕ್ತ ಪರೀಕ್ಷೆ. ಅದರ ಜೊತೆ ಟೋಟಲ್ ಐಜಿಎ ಕೂಡ ಮಾಡಿಸಿ ಎಂದು ಕೇಳಿ. ಐಜಿಎ ಅಂದರೆ ರೋಗನಿರೋಧಕ ವ್ಯವಸ್ಥೆ ತಯಾರಿಸುವ ಒಂದು ಬಗೆಯ ಆಂಟಿಬಾಡಿ. ಅದು ಮೈಯಲ್ಲೇ ಕಡಿಮೆ ಇರುವವರಿಗೆ ಮೊದಲ ಪರೀಕ್ಷೆ ಸುಳ್ಳೇ ನೆಗೆಟಿವ್ ಬರಬಹುದು. ರಕ್ತದಲ್ಲಿ ಅನುಮಾನ ಬಂದರೆ ಎಂಡೋಸ್ಕೋಪಿ ಮಾಡಿ, ಸಣ್ಣ ಕರುಳಿನ ಮೊದಲ ಭಾಗದಿಂದ ಚಿಕ್ಕ ಚೂರುಗಳನ್ನು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಈ ಎರಡೂ ಸರಿಯಾಗಿ ಬರಬೇಕೆಂದರೆ ಆ ಹೊತ್ತಿಗೆ ನೀವು ಗೋಧಿ ತಿನ್ನುತ್ತಿರಬೇಕು. ಮುಂಚೆಯೇ ಬಿಟ್ಟರೆ ರಕ್ತದಲ್ಲಿನ ಆಂಟಿಬಾಡಿ ಇಳಿದುಹೋಗುತ್ತದೆ, ಕರುಳೂ ಅಷ್ಟಿಷ್ಟು ವಾಸಿಯಾಗಿರುತ್ತದೆ, ರಿಪೋರ್ಟ್ ಚೆನ್ನಾಗಿ ಬರುತ್ತದೆ, ಕಾಯಿಲೆ ಮಾತ್ರ ಹಾಗೇ ಉಳಿಯುತ್ತದೆ. ಆಮೇಲೆ ಪರೀಕ್ಷೆಗೋಸ್ಕರ ಮತ್ತೆ ವಾರಗಟ್ಟಲೆ ಗೋಧಿ ತಿನ್ನಬೇಕಾಗುತ್ತದೆ. ಆ ಕಷ್ಟ ಯಾರಿಗೂ ಬೇಡ.

ನನ್ನ ಹಿಮೋಗ್ಲೋಬಿನ್ ಆರು ವರ್ಷ 9 ದಾಟಲೇ ಇಲ್ಲ. ಕಬ್ಬಿಣದ ಮಾತ್ರೆ ನುಂಗಿದ್ದೇ ಬಂತು. ಹೋದ ಕಡೆಯೆಲ್ಲ ಗ್ಯಾಸ್ಟ್ರಿಕ್ ಅಂದರು, ಟೆನ್ಷನ್ ಅಂದರು, ಹೊತ್ತಿಗೆ ಸರಿಯಾಗಿ ಊಟ ಮಾಡಿ ಅಂದರು. ಸೀಲಿಯಾಕ್ ಇರಬಹುದು ಅಂತ ಯಾರಿಗೂ ಹೊಳೆಯಲಿಲ್ಲ. ಅದಕ್ಕೊಂದು ಕಾರಣವೂ ಇದೆ. 2016ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಉತ್ತರ ಭಾರತದಲ್ಲಿ ನೂರಕ್ಕೆ 1.23 ಜನರ ರಕ್ತದಲ್ಲಿ ಸೀಲಿಯಾಕ್‌ನ ಆಂಟಿಬಾಡಿ ಕಂಡುಬಂತು, ದಕ್ಷಿಣದಲ್ಲಿ 0.10, ಅಂದರೆ ಸಾವಿರಕ್ಕೆ ಒಬ್ಬರು. ನಮ್ಮ ಕಡೆ ಗೋಧಿ ತಿನ್ನುವುದು ಕಡಿಮೆ ಇತ್ತಲ್ಲ. ಆದರೆ ಸಾವಿರಕ್ಕೆ ಒಬ್ಬರು ಅಂದರೂ ಬೆಂಗಳೂರಿನಂಥ ಊರಲ್ಲಿ ಅದು ಸಾವಿರಾರು ಜನ, ಅಲ್ವಾ? ಹಾಗಾಗಿ ರಕ್ತಹೀನತೆ ವಾಸಿಯಾಗದಿದ್ದರೆ, ಕಾರಣವಿಲ್ಲದೆ ತೂಕ ಇಳಿದರೆ, ಭೇದಿ ಬಿಡದಿದ್ದರೆ, ಮಗು ವಯಸ್ಸಿಗೆ ತಕ್ಕಂತೆ ಬೆಳೆಯದಿದ್ದರೆ, ನೀವೇ ಬಾಯಿಬಿಟ್ಟು ಈ ಪರೀಕ್ಷೆ ಕೇಳಿ.

ಯಾವುದರಲ್ಲಿ ಇದೆ, ಯಾವುದರಲ್ಲಿ ಇಲ್ಲ

ಗ್ಲುಟೆನ್ ಇರುವುದು ಗೋಧಿ, ಬಾರ್ಲಿ, ರೈ (ಸಾಸಿವೆಯಲ್ಲ, ಗೋಧಿಯಂಥದೇ ಒಂದು ಧಾನ್ಯ) ಈ ಮೂರರಲ್ಲಿ. ಮೈದಾ, ಚಿರೋಟಿ ರವೆ, ಬನ್ಸಿ ರವೆ, ಗೋಧಿ ನುಚ್ಚು, ಅಂಗಡಿ ಶಾವಿಗೆ ಎಲ್ಲ ಗೋಧಿಯ ಮಕ್ಕಳೇ. ಸದಕ, ಕಪ್ಲಿ, ಜವೆಗೋಧಿ ಹಳೇ ಕಾಲದ ತಳಿ, ಆರೋಗ್ಯಕ್ಕೆ ಒಳ್ಳೆಯದು ಅಂತ ಮಾರುತ್ತಾರೆ. ಅವುಗಳಲ್ಲೂ ಗ್ಲುಟೆನ್ ಇದೆ, ಸೀಲಿಯಾಕ್ ಇರುವವರು ಮುಟ್ಟಬಾರದು. ಬಾರ್ಲಿಯನ್ನು ಮೊಳಕೆ ಬರಿಸಿ ಮಾಡುವ ಮಾಲ್ಟ್ ಹಾರ್ಲಿಕ್ಸ್‌ನಂಥ ಪುಡಿಗಳಲ್ಲೂ ಬಿಯರ್‌ನಲ್ಲೂ ಇರುತ್ತದೆ.

ಹೆಸರಿನಿಂದ ಮೋಸ ಹೋಗುವ ಒಂದು ಜಾಗ ಇದೆ. ಇಡ್ಲಿ ರವೆ ಅಕ್ಕಿಯದು, ಅದು ಸರಿ. ರವೆ ಇಡ್ಲಿಯ ರವೆ ಗೋಧಿಯದು. ಅಂಗಡಿಯಲ್ಲಿ ಬರೀ ರವೆ ಕೊಡಿ ಅಂದರೆ ಗೋಧಿಯದೇ ಕೊಡುತ್ತಾರೆ. ಒತ್ತು ಶಾವಿಗೆ ಅಕ್ಕಿಯದು, ಪಾಯಸದ ಶಾವಿಗೆ ಸಾಮಾನ್ಯವಾಗಿ ಗೋಧಿಯದು.

ರವೆ ಇಡ್ಲಿ ಅಂದಾಗಲೆಲ್ಲ ನನಗೆ ಒಂದು ಸಂಗತಿ ನೆನಪಾಗುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ರವೆಯಲ್ಲಿ ಇಡ್ಲಿ ಮಾಡಿದೆವು ಅಂತ ಎಂಟಿಆರ್‌ನವರು ಹೇಳುತ್ತಾರೆ. ಅದೇ ಯುದ್ಧದ ಕೊನೆಯ ಚಳಿಗಾಲ, 1944-45ರಲ್ಲಿ, ನೆದರ್ಲೆಂಡ್ಸ್‌ನಲ್ಲಿ ಬ್ರೆಡ್ಡೇ ಸಿಗದಂತಾಯಿತು. ಅಲ್ಲಿನ ಮಕ್ಕಳ ಡಾಕ್ಟರು ವಿಲ್ಲೆಮ್ ಡಿಕೆ ಸೀಲಿಯಾಕ್ ಇರುವ ಮಕ್ಕಳಿಗೆ ಗೋಧಿ ಆಗುವುದಿಲ್ಲ ಅಂತ ಮೊದಲೇ ಅನುಮಾನಪಟ್ಟಿದ್ದರು. ಊರೆಲ್ಲ ಹಸಿದಿದ್ದಾಗ ಆ ಮಕ್ಕಳು ಮಾತ್ರ ಚೇತರಿಸಿಕೊಂಡರು, ಬ್ರೆಡ್ ಮತ್ತೆ ಬಂದಾಗ ಮತ್ತೆ ಕಾಯಿಲೆ ಬಿದ್ದರು. ನಾವು ಇವತ್ತು ಗೋಧಿ ಬಿಟ್ಟು ಹುಷಾರಾಗುವುದಕ್ಕೆ ಆ ಮಕ್ಕಳೇ ದಾರಿ ತೋರಿಸಿದ್ದು.

ಗಿರಣಿ

ರಾಗಿಯಲ್ಲಿ ಗ್ಲುಟೆನ್ ಇಲ್ಲ. ಆದರೆ ರಾಗಿ ಹಿಟ್ಟಿನಲ್ಲಿ ಇರಬಹುದು. ಗಿರಣಿಯಲ್ಲಿ ನಿಂತು ಒಮ್ಮೆ ಗಮನಿಸಿ. ನಮ್ಮ ಮುಂದಿದ್ದವರು ಐದು ಕಿಲೋ ಗೋಧಿ ಬೀಸಿಸಿಕೊಂಡು ಹೋಗಿರುತ್ತಾರೆ. ಹಿಟ್ಟು ಬೀಳುವ ಬಾಯಿಗೆ ಕಟ್ಟಿದ ಬಟ್ಟೆ ಬೆಳ್ಳಗಾಗಿರುತ್ತದೆ. ಗಿರಣಿಯವರು ಅದನ್ನು ಎರಡು ಸಲ ತಟ್ಟಿ, ನಮ್ಮ ರಾಗಿ ಸುರಿಯುತ್ತಾರೆ. ಮೊದಲು ಬೀಳುವ ಎರಡು ಹಿಡಿ ಹಿಟ್ಟಿಗೆ ರಾಗಿಯ ಬಣ್ಣವೇ ಇರುವುದಿಲ್ಲ, ತೆಳ್ಳಗೆ ಬಿಳುಪಾಗಿರುತ್ತದೆ. ಅದು ಮುಂದಿದ್ದವರ ಗೋಧಿ. ನನಗೆ ಇದು ಕಣ್ಣಿಗೆ ಬಿದ್ದ ದಿನ ಆ ಹಿಟ್ಟನ್ನು ಹಾಗೇ ಪಕ್ಕದ ಮನೆಯವರಿಗೆ ಕೊಟ್ಟೆ.

ಎಷ್ಟು ಬೆರೆತರೆ ಜಾಸ್ತಿ ಅಂತ ಕೇಳಬಹುದು. ನಮ್ಮ ದೇಶದ ಆಹಾರ ಸುರಕ್ಷತೆ ಪ್ರಾಧಿಕಾರದ ನಿಯಮದಂತೆ ಗ್ಲುಟೆನ್ ಫ್ರೀ ಅಂತ ಬರೆಯಬೇಕಾದರೆ ಒಂದು ಕಿಲೋ ಪದಾರ್ಥದಲ್ಲಿ 20 ಮಿಲಿಗ್ರಾಂ ಗ್ಲುಟೆನ್ ಮೀರಬಾರದು. ಒಂದು ಹಿಡಿ ಗೋಧಿ ಹಿಟ್ಟಿನಲ್ಲಿ ಅದರ ನೂರು ಪಟ್ಟು ಮೀರಿ ಇರುತ್ತದೆ.

ಸೀಲಿಯಾಕ್ ಇರುವವರಿಗೆ ಸರಿಯಾದ ದಾರಿ ಮನೆಯಲ್ಲೇ ಬೀಸಿಕೊಳ್ಳುವುದು. ಸಣ್ಣ ಮನೆಗಿರಣಿ ಸಿಗುತ್ತದೆ. ಇಬ್ಬರು ಮೂವರು ಸೇರಿ ಒಂದು ತೆಗೆದುಕೊಂಡರೂ ಆಗುತ್ತದೆ, ಆದರೆ ಅದಕ್ಕೆ ಒಂದು ಕಾಳು ಗೋಧಿಯೂ ಬೀಳಬಾರದು ಅನ್ನುವುದು ಎಲ್ಲರಿಗೂ ಗೊತ್ತಿರಬೇಕು. ಕೊಳ್ಳಲು ಆಗದಿದ್ದರೆ ಅಕ್ಕಿಯನ್ನು ತೊಳೆದು, ಬಟ್ಟೆಯ ಮೇಲೆ ಹರವಿ ಆರಿಸಿ, ಮಿಕ್ಸಿಯಲ್ಲಿ ಪುಡಿ ಮಾಡಿ ಜರಡಿ ಹಿಡಿಯಿರಿ. ರಾಗಿಯನ್ನು ನೆನೆಸಿ ರುಬ್ಬಿ ದೋಸೆ, ಅಂಬಲಿ ಮಾಡಿಕೊಳ್ಳಬಹುದು. ಬೀಸಿಸುವ ಗೋಜೇ ಇಲ್ಲ. ಸೀಲಿಯಾಕ್ ಇಲ್ಲದೆ ಬರೀ ಸಂವೇದನೆ ಇರುವವರು ಗಿರಣಿಗೆ ಹೋಗಬಹುದು. ಮೊದಲು ಒಂದು ಕಿಲೋ ಅಕ್ಕಿ ಬೀಸಿಸಿ, ಆ ಹಿಟ್ಟನ್ನು ಮನೆಯ ಬೇರೆಯವರಿಗೆ ಇಟ್ಟು, ಆಮೇಲೆ ನಿಮ್ಮದನ್ನು ಹಾಕಿಸಿ.

ಬೀಸುವುದಕ್ಕೂ ಮುಂಚೆ ಕಾಳು ಆರಿಸಿ. ಜೋಳ, ನವಣೆ, ಸಾಮೆ, ಉದ್ದಿನಬೇಳೆ ಏನೇ ಇರಲಿ, ತಟ್ಟೆಗೋ ಮೊರಕ್ಕೋ ಹರವಿ ನೋಡಿದರೆ ಗೋಧಿ ಕಾಳು ಸಿಗುವುದುಂಟು. ಉದ್ದುದ್ದ, ನಡುವೆ ಗೆರೆ ಇರುತ್ತದೆ, ಸುಲಭವಾಗಿ ಗುರುತು ಸಿಗುತ್ತದೆ. ಆರಿಸಿ, ಎರಡು ಸಲ ತೊಳೆಯಿರಿ.

ಮನೆಯ ಅಡುಗೆಮನೆ

ಮನೆಯಲ್ಲಿ ಎಲ್ಲರೂ ಗೋಧಿ ಬಿಡಬೇಕಾಗಿಲ್ಲ. ನಮ್ಮ ಮನೆಯಲ್ಲಿ ಈಗಲೂ ರಾತ್ರಿ ಚಪಾತಿ ಆಗುತ್ತದೆ. ನನ್ನ ಅಡುಗೆ ಮೊದಲು ಮುಗಿದು, ಮುಚ್ಚಿಟ್ಟ ಮೇಲೆ ಅತ್ತೆ ಚಪಾತಿ ಹಿಟ್ಟು ತೆಗೆಯುತ್ತಾರೆ. ಒಣ ಹಿಟ್ಟು ಗಾಳಿಯಲ್ಲಿ ಹಾರುತ್ತದೆ, ಅದಕ್ಕೇ ಈ ಸರದಿ.

ಬೇರೆಯದೇ ಇರಬೇಕಾದದ್ದು: ಜರಡಿ, ಲಟ್ಟಣಿಗೆ, ಮಣೆ, ಮರದ ಸೌಟು, ದೋಸೆ ಕಾವಲಿ. ಜರಡಿಯ ಕಣ್ಣಿನಲ್ಲಿ ಕೂತ ಹಿಟ್ಟು ಎಷ್ಟು ತೊಳೆದರೂ ಹೋಗುವುದಿಲ್ಲ. ಎಣ್ಣೆ ಹಿಡಿದು ಪಳಗಿದ ಕಬ್ಬಿಣದ ಕಾವಲಿಯೂ ಹಾಗೇ. ಸ್ಟೀಲ್ ಪಾತ್ರೆ, ಕುಕ್ಕರ್, ತಟ್ಟೆ ಲೋಟ ಚೆನ್ನಾಗಿ ತೊಳೆದರೆ ಸಾಕು. ಪೂರಿ ಕರಿದ ಎಣ್ಣೆಯಲ್ಲಿ ಹಪ್ಪಳ ಕರಿಯಬೇಡಿ. ಬೆಣ್ಣೆ, ಜಾಮ್ ಡಬ್ಬಿಗೆ ಬ್ರೆಡ್ ಸವರಿದ ಚಮಚ ಮತ್ತೆ ಹೋಗುತ್ತದೆ, ನಿಮ್ಮದು ಬೇರೆ ಇಟ್ಟುಕೊಳ್ಳಿ. ನಿಮ್ಮ ಡಬ್ಬಿಗಳು ಮೇಲಿನ ಗೂಡಿನಲ್ಲಿರಲಿ, ಗೋಧಿ ಕೆಳಗಿರಲಿ. ಚೆಲ್ಲಿದರೂ ನಿಮ್ಮದರ ಮೇಲೆ ಬೀಳುವುದಿಲ್ಲ.

ಇಂಗಿಗೆ ಬದಲಿ ಇದೆ. ಅಕ್ಕಿ ಹಿಟ್ಟು ಬೆರೆಸಿ ಮಾಡಿದ ಇಂಗು ಸಿಗುತ್ತದೆ, ಡಬ್ಬಿ ಓದಿ ತನ್ನಿ. ಸಿಗದಿದ್ದರೆ ಜೀರಿಗೆ, ಮೆಣಸು, ಕರಿಬೇವು ತುಪ್ಪದಲ್ಲಿ ಹುರಿದು ಹಾಕಿದರೆ ಸಾರಿಗೆ ಏನೂ ಕಡಿಮೆ ಆಗುವುದಿಲ್ಲ. ಅಂಗಡಿಯಿಂದ ತರುವ ಸಾರಿನ ಪುಡಿ, ಪುಳಿಯೋಗರೆ ಗೊಜ್ಜು, ಉಪ್ಪಿನಕಾಯಿ, ಉದ್ದಿನ ಹಪ್ಪಳ, ಕಾಂಗ್ರೆಸ್ ಕಡ್ಲೆಕಾಯಿ ಎಲ್ಲದರಲ್ಲೂ ಇಂಗು ಇರಬಹುದು. ಪ್ಯಾಕೆಟ್ ಮೇಲೆ ಗೋಧಿ ಇದ್ದರೆ ಅಲರ್ಜಿ ಮಾಹಿತಿಯಲ್ಲಿ ಹೇಳಲೇಬೇಕು ಅಂತ ನಿಯಮ ಇದೆ, ಮೊದಲು ಆ ಸಾಲು ಹುಡುಕಿ. ಬಿಡಿಯಾಗಿ ತೂಗಿ ಕೊಡುವ ಕುರುಕಲು ತಿಂಡಿಗೆ ಲೇಬಲ್ಲೇ ಇಲ್ಲ. ಕೋಡುಬಳೆಗೆ ಚಿರೋಟಿ ರವೆ, ನಿಪ್ಪಟ್ಟಿಗೆ ಮೈದಾ ಹಾಕುವವರು ಬೇಕಾದಷ್ಟು ಜನ. ಅವನ್ನು ಬಿಟ್ಟುಬಿಡುವುದೇ ಒಳ್ಳೆಯದು.

ದಿನದ ಊಟ

ಬೆಳಿಗ್ಗೆ ಇಡ್ಲಿ, ನೀರುದೋಸೆ, ಅಕ್ಕಿ ರೊಟ್ಟಿ, ಪಡ್ಡು, ಅಕ್ಕಿ ತರಿ ಉಪ್ಪಿಟ್ಟು, ಅವಲಕ್ಕಿ. ಮಧ್ಯಾಹ್ನ ಮುದ್ದೆ ಬಸ್ಸಾರು, ಇಲ್ಲವೇ ಅನ್ನ ಹುಳಿ ಪಲ್ಯ. ರಾತ್ರಿ ಜೋಳದ ರೊಟ್ಟಿ ಅಥವಾ ನವಣೆ ಅನ್ನ. ಇಷ್ಟೇ. ಬರೀ ಅಕ್ಕಿಯ ಮೇಲೆ ನಿಲ್ಲಬೇಡಿ, ರಾಗಿ ದಿನಾ ಇರಲಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಸೀಲಿಯಾಕ್‌ನಲ್ಲಿ ಮೂಳೆ ಸವೆಯುವುದು ಸಾಮಾನ್ಯವಾದ್ದರಿಂದ ಇದು ನಮಗೆ ತುಂಬಾ ಬೇಕು. ಮಂಡ್ಯದ ವಿ.ಸಿ. ಫಾರಂನಲ್ಲಿ ಕೂತು, ಭಾರತದ ರಾಗಿಗೆ ಆಫ್ರಿಕಾದ ರಾಗಿ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟ ರಾಗಿ ಲಕ್ಷ್ಮಣಯ್ಯನವರನ್ನು ನಾನು ಮುದ್ದೆ ಮುರಿಯುವಾಗ ನೆನೆಸಿಕೊಳ್ಳುತ್ತೇನೆ.

ಸಿರಿಧಾನ್ಯ ಶುರು ಮಾಡುವವರು ನಿಧಾನವಾಗಿ ಮಾಡಿ. ಮೊದಲ ವಾರವೇ ಮೂರು ಹೊತ್ತೂ ನವಣೆ, ಹಾರಕ ತಿಂದರೆ ನಾರು ಜಾಸ್ತಿಯಾಗಿ ಹೊಟ್ಟೆ ಉಬ್ಬುತ್ತದೆ, ಇದೂ ನನಗೆ ಆಗಲಿಲ್ಲ ಅಂದುಕೊಳ್ಳುತ್ತೀರಿ. ರಾತ್ರಿ ನೆನೆಹಾಕಿ, ಮೆತ್ತಗೆ ಬೇಯಿಸಿ, ದಿನಕ್ಕೆ ಒಂದು ಹೊತ್ತು ಸಾಕು. ಓಟ್ಸ್ ಸದ್ಯಕ್ಕೆ ಬೇಡ, ಮಾಮೂಲಿ ಓಟ್ಸ್‌ಗೆ ಗೋಧಿ ಬೆರೆತಿರುತ್ತದೆ.

ಹೋಟೆಲ್ಲು

ದರ್ಶಿನಿಯಲ್ಲಿ ಖಾರಾಬಾತ್, ಕೇಸರಿಬಾತ್, ಪೂರಿ ಇಲ್ಲ ಅನ್ನುವುದು ಗೊತ್ತೇ ಇದೆ. ಮಸಾಲೆ ದೋಸೆ? ಹಿಟ್ಟು ಅಕ್ಕಿ ಉದ್ದಿನದೇ ಇರಬಹುದು, ಆದರೆ ಗರಿಗರಿ ಬರಲಿ ಅಂತ ರವೆಯೋ ಮೈದಾವೋ ಸೇರಿಸುವವರಿದ್ದಾರೆ. ಸೇರಿಸದಿದ್ದರೂ ಕಾವಲಿ ಒಂದೇ. ಅದೇ ಕಾವಲಿ ಮೇಲೆ ಈಗ ತಾನೇ ರವೆ ದೋಸೆ ಆಗಿರುತ್ತದೆ, ಅದೇ ಪೊರಕೆಯಿಂದ ಗುಡಿಸಿ, ನೀರು ಚಿಮುಕಿಸಿ ನಿಮ್ಮದನ್ನು ಹಾಕುತ್ತಾರೆ. ಸೀಲಿಯಾಕ್ ಇರುವವರು ದೋಸೆ ಮನೆಯಲ್ಲೇ ತಿನ್ನಿ. ಹೊರಗೆ ಇದ್ದುದರಲ್ಲಿ ವಾಸಿ ಅಂದರೆ ಆವಿಯಲ್ಲಿ ಬೆಂದ ಮಾಮೂಲಿ ಇಡ್ಲಿ, ಅದೂ ರವೆ ಇಡ್ಲಿಯ ತಟ್ಟೆ ಬೇರೆ ಇದೆಯಾ ಅಂತ ಕೇಳಿ. ಸಾಂಬಾರ್‌ನಲ್ಲಿ ಇಂಗು, ಚಟ್ನಿಯ ಒಗ್ಗರಣೆಯಲ್ಲೂ ಇಂಗು. ನಾನು ಸಣ್ಣ ಡಬ್ಬಿಯಲ್ಲಿ ಚಟ್ನಿಪುಡಿ ಇಟ್ಟುಕೊಂಡು ಹೋಗುತ್ತೇನೆ. ಫಿಲ್ಟರ್ ಕಾಫಿಗೆ ಯಾವ ತಕರಾರೂ ಇಲ್ಲ, ಚಿಕೋರಿಯಲ್ಲಿ ಗ್ಲುಟೆನ್ ಇಲ್ಲ.

ಹೊರಗಿನ ರಾಗಿ ದೋಸೆ, ರಾಗಿ ಬ್ರೆಡ್, ಸಿರಿಧಾನ್ಯದ ಬಿಸ್ಕತ್ತು ಅಂದ ತಕ್ಷಣ ನಂಬಬೇಡಿ. ಬಹಳ ಕಡೆ ಮೈದಾ ಬೆರೆತಿರುತ್ತದೆ. ಗೋಬಿ ಮಂಚೂರಿಗೆ ಮೈದಾ, ಮೇಲೆ ಸೋಯಾ ಸಾಸ್, ಅದರಲ್ಲೂ ಗೋಧಿ. ಮಿಲಿಟರಿ ಹೋಟೆಲ್‌ನ ಮುದ್ದೆ ಸಾರು ಎಷ್ಟೋ ಮೇಲು, ಹಿಟ್ಟು ಎಲ್ಲಿ ಬೀಸಿಸುತ್ತೀರಿ ಅಂತ ಮಾತ್ರ ಕೇಳಿ. ಬಸವನಗುಡಿ ಕಡಲೆಕಾಯಿ ಪರಿಷೆಯಲ್ಲಿ ಬೇಯಿಸಿದ ಕಡಲೆಕಾಯಿ ಹೊಟ್ಟೆ ತುಂಬ ತಿನ್ನಿ, ಪಕ್ಕದ ಬೋಂಡಾ ಬೇಡ. ಹಿಟ್ಟು ಕಡಲೆಯದಾದರೂ ಎಣ್ಣೆ ಎಲ್ಲದಕ್ಕೂ ಒಂದೇ.

ಮದುವೆ, ಪೂಜೆ

ಗ್ಲುಟೆನ್ ಅಂತ ಹೇಳಿದರೆ ಯಾರಿಗೂ ಅರ್ಥವಾಗುವುದಿಲ್ಲ. ಗೋಧಿ, ಮೈದಾ, ರವೆ, ಇಂಗು, ಈ ನಾಲ್ಕು ಹೆಸರು ಹೇಳಿ. ಮದುವೆ ಮನೆಯವರಿಗೆ ಹೇಳಿದರೆ ಆ ಗಡಿಬಿಡಿಯಲ್ಲಿ ಮರೆತುಹೋಗುತ್ತದೆ. ನಾನು ಬೆಳಿಗ್ಗೆಯೇ ಅಡುಗೆ ಕಡೆ ಹೋಗಿ, "ಭಟ್ಟರೇ, ನನಗೆ ಈ ನಾಲ್ಕು ಆಗಲ್ಲ, ತಿಂದರೆ ಕಾಯಿಲೆ ಬೀಳ್ತೀನಿ, ಒಗ್ಗರಣೆಗೆ ಮುಂಚೆ ಒಂದು ಬಟ್ಟಲು ಬೇಳೆ ತೆಗೆದಿಡ್ತೀರಾ?" ಅಂತ ಕೇಳುತ್ತೇನೆ. ಹೋದ ಸಲ ಕೇಳಿದಾಗ ಭಟ್ಟರು, "ಅದಕ್ಕೇನಮ್ಮಾ, ಉಪ್ಪು ತುಪ್ಪ ಹಾಕಿ ಇಟ್ಟಿರ್ತೀನಿ, ನೀವು ಕೂತ ಪಂಕ್ತಿ ಹೇಳಿ" ಅಂದರು. ಅನ್ನ, ಆ ಬೇಳೆ, ತುಪ್ಪ, ಮೊಸರು, ಬಾಳೆಹಣ್ಣು, ಗಸಗಸೆ ಪಾಯಸ ಇದ್ದರೆ ಅದು. ಊಟ ಆಯಿತು. ಹೋಳಿಗೆ ಮೈದಾದ್ದು, ಎಲೆಗೆ ಬಡಿಸದಂತೆ ಮೊದಲೇ ಕೈ ಅಡ್ಡ ಹಿಡಿಯಿರಿ.

ಸತ್ಯನಾರಾಯಣ ಪೂಜೆಯ ಸಜ್ಜಿಗೆ ರವೆಯದು. ಬೇಡ ಅನ್ನಲು ನನಗೆ ಮೊದಮೊದಲು ಬಹಳ ಸಂಕಟವಾಗುತ್ತಿತ್ತು. ಈಗ ಕೈಗೆ ತೆಗೆದುಕೊಂಡು, ಕಣ್ಣಿಗೊತ್ತಿ, ಪಕ್ಕದವರಿಗೆ ಕೊಟ್ಟು, ಕೈ ತೊಳೆದು ತೀರ್ಥ, ಹಣ್ಣು ತೆಗೆದುಕೊಳ್ಳುತ್ತೇನೆ. ಗಣೇಶನ ಹಬ್ಬಕ್ಕೆ ಅಕ್ಕಿ ಹಿಟ್ಟಿನ ಕಾಯಿಕಡುಬು, ಸಂಕ್ರಾಂತಿಗೆ ಎಳ್ಳುಬೆಲ್ಲ, ಪೊಂಗಲ್ ಇದ್ದೇ ಇವೆ.

ಎಲ್ಲ ಬಿಟ್ಟರೂ ಹೊಟ್ಟೆ ಸರಿಹೋಗದಿದ್ದರೆ

ಮೊದಲು ಹಾಲು ನೋಡಿ. ಹಾಲಿನ ಸಕ್ಕರೆಯನ್ನು ಅರಗಿಸುವ ಲ್ಯಾಕ್ಟೇಸ್ ಇರುವುದು ಅದೇ ವಿಲ್ಲೈ ತುದಿಯಲ್ಲಿ. ಅವು ಸವೆದಿರುವಾಗ ಹಾಲು ಅರಗದೆ ಹೊಟ್ಟೆ ಗುಡುಗುಡು ಅನ್ನುತ್ತದೆ. ಕೆಲವು ತಿಂಗಳು ಹಾಲು ಕಡಿಮೆ ಮಾಡಿ, ಮೊಸರು ಮಜ್ಜಿಗೆ ತಡೆಯುತ್ತದೆಯಾ ನೋಡಿ. ಕರುಳು ವಾಸಿಯಾದ ಮೇಲೆ ಎಷ್ಟೋ ಜನರಿಗೆ ಹಾಲು ಮತ್ತೆ ಒಗ್ಗುತ್ತದೆ.

ಆಮೇಲೆ ಈರುಳ್ಳಿ, ಬೆಳ್ಳುಳ್ಳಿ, ತೊಗರಿಬೇಳೆ, ಅವರೆಕಾಳು. ಗೋಧಿಯಲ್ಲಿ ಗ್ಲುಟೆನ್ ಅಲ್ಲದೆ ಫ್ರಕ್ಟಾನ್ ಅನ್ನುವ ಒಂದು ಬಗೆಯ ಸಕ್ಕರೆಯೂ ಇದೆ, ಈರುಳ್ಳಿ ಬೆಳ್ಳುಳ್ಳಿಯಲ್ಲೂ ಅದು ತುಂಬಿದೆ. 2018ರಲ್ಲಿ ನಾರ್ವೆಯ ಸಂಶೋಧಕರು, ಸೀಲಿಯಾಕ್ ಇಲ್ಲದಿದ್ದರೂ ಗ್ಲುಟೆನ್ ಬಿಟ್ಟಿದ್ದ 59 ಜನರಿಗೆ ಗೊತ್ತಾಗದಂತೆ ಎರಡನ್ನೂ ಬೇರೆ ಬೇರೆಯಾಗಿ ತಿನ್ನಿಸಿ ನೋಡಿದರು. ಹೊಟ್ಟೆ ಉಬ್ಬರ ಜಾಸ್ತಿ ಆಗಿದ್ದು ಫ್ರಕ್ಟಾನ್‌ನಿಂದ. ಹಾಗಾಗಿ ಪರೀಕ್ಷೆಯಲ್ಲಿ ಸೀಲಿಯಾಕ್ ಇಲ್ಲ ಅಂತ ಬಂದವರು ಒಬ್ಬ ಡಯಟಿಶಿಯನ್ ಜೊತೆ ಕೂತು, ಕೆಲವು ವಾರ ಇವನ್ನು ತೆಗೆದು, ಮತ್ತೆ ಒಂದೊಂದಾಗಿ ಸೇರಿಸಿ ನೋಡಿ. ಒಂದು ನೋಟ್‌ಬುಕ್ ಇಡಿ: ಏನು ತಿಂದೆ, ಎಷ್ಟು ಹೊತ್ತಿಗೆ, ಎರಡು ಗಂಟೆ ಆದ ಮೇಲೆ ಹೇಗಿತ್ತು. ಮೂರು ವಾರ ಬರೆದರೆ ಹಾಳೆಯೇ ಉತ್ತರ ಹೇಳುತ್ತದೆ.

ಗೊತ್ತಿಲ್ಲದೆ ಗೋಧಿ ತಿಂದ ದಿನ ಅಕ್ಕಿ ಗಂಜಿ, ಉಪ್ಪು ಹಾಕಿದ ಮಜ್ಜಿಗೆ, ಭೇದಿ ಇದ್ದರೆ ಓಆರ್‌ಎಸ್, ವಿಶ್ರಾಂತಿ. ಮಲದಲ್ಲಿ ರಕ್ತ ಕಂಡರೆ, ತೂಕ ಇಳಿಯುತ್ತಲೇ ಇದ್ದರೆ, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವೋ ಭೇದಿಯೋ ಇದ್ದರೆ ಮನೆಮದ್ದು ಬೇಡ, ಗ್ಯಾಸ್ಟ್ರೋ ಡಾಕ್ಟರ ಹತ್ತಿರ ಹೋಗಿ.

ಸೀಲಿಯಾಕ್ ಅಂತ ಖಚಿತವಾದವರು ಆರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ ಟಿಟಿಜಿ, ಹಿಮೋಗ್ಲೋಬಿನ್, ಬಿ12, ವಿಟಮಿನ್ ಡಿ ಮಾಡಿಸಿ. ಟಿಟಿಜಿ ಇಳಿಯದಿದ್ದರೆ ಎಲ್ಲೋ ಗೋಧಿ ಸೇರುತ್ತಿದೆ ಅಂತ ಲೆಕ್ಕ, ಇಂಗು ಮತ್ತು ಗಿರಣಿಯಿಂದ ಹುಡುಕಲು ಶುರು ಮಾಡಿ. ಅಪ್ಪ, ಅಮ್ಮ, ಒಡಹುಟ್ಟಿದವರು, ಮಕ್ಕಳಿಗೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸಬೇಕು, ಇದು ವಂಶದಲ್ಲಿ ಹರಿಯುತ್ತದೆ. ನನ್ನ ತಂಗಿಗೆ ಹೊಟ್ಟೆಯ ತೊಂದರೆ ಒಂದಿಷ್ಟೂ ಇರಲಿಲ್ಲ, ಸುಸ್ತು ಒಂದು ಬಿಟ್ಟು. ಒತ್ತಾಯ ಮಾಡಿ ಕರೆದುಕೊಂಡು ಹೋದೆ. ಅವಳಿಗೂ ಪಾಸಿಟಿವ್ ಬಂತು. ಈಗ ತಿಂಗಳಿಗೊಮ್ಮೆ ಭಾನುವಾರ ನಮ್ಮ ಮನೆಯ ಗಿರಣಿಯಲ್ಲಿ ಇಬ್ಬರ ರಾಗಿಯನ್ನೂ ಒಟ್ಟಿಗೆ ಬೀಸುತ್ತೇವೆ.